4.85 ಲಕ್ಷ ಹೇಳಿದ ಹಳೆ ಕಾರಿಗೆ ಎಷ್ಟು ಕೇಳಬೇಕು?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಅವ್ವನಿಗೆ ವಾರಕ್ಕೆ ಎರಡು ಸಲ ಕಲಬುರಗಿಯಲ್ಲಿ ಡಯಾಲಿಸಿಸ್. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬರುವುದು ಇನ್ನು ಆಗುವುದಿಲ್ಲ. ಹೀಗಾಗಿ ಕಾರು ನೋಡುತ್ತಿದ್ದೇವೆ. ರಿಂಗ್ ರೋಡಿನ ಒಂದು ಸೆಕೆಂಡ್ ಹ್ಯಾಂಡ್ ಶೋರೂಮಿನಲ್ಲಿ 2018ರ ಪೆಟ್ರೋಲ್ ಸ್ವಿಫ್ಟ್ ಇದೆ. ಕೆಎ 32 ಪಾಸಿಂಗ್, ಎರಡನೇ ಓನರ್, 62 ಸಾವಿರ ಕಿಲೋಮೀಟರ್ ಓಡಿದೆ. 4.85 ಲಕ್ಷ ಹೇಳುತ್ತಾರೆ, ಟ್ರಾನ್ಸ್‌ಫರ್ ಖರ್ಚು ಬೇರೆ. ಅಲ್ಲೇ ಅದೇ ವರ್ಷದ ಹೈದರಾಬಾದ್ ಪಾಸಿಂಗ್ ಗಾಡಿ 4.10ಕ್ಕೆ ಇದೆ. ನಮ್ಮ ಕೈಯಲ್ಲಿ ಒಂದೂವರೆ ಲಕ್ಷ ಇದೆ. ಮೂರು ಲಕ್ಷ ಸಾಲ ಮಾಡಬೇಕು. ತಮ್ಮ ಅರ್ಧ ರೇಟಿಗೆ ಕೇಳು ಅನ್ನುತ್ತಾನೆ. ನನಗೆ ಚೌಕಾಸಿ ಅಂದರೆ ಸಂಕೋಚ. ಎಷ್ಟು ಕೇಳಬೇಕು, ಹೇಗೆ ಕೇಳಬೇಕು?

ಉತ್ತರ:

ಅಕ್ಕೋರೆ, ಮೊದಲು ನಿಮ್ಮ ಸಂಕೋಚದ ಮಾತು. ಹಳೆ ಕಾರಿಗೆ ಎಂಆರ್‌ಪಿ ಇಲ್ಲ. ಗಾಜಿನ ಮೇಲೆ ಅಂಟಿಸಿದ 4.85 ಅನ್ನುವುದು ಮಾರುವವರು ತಾವೇ ಬರೆದ ಅಂಕಿ. ಗಿರಾಕಿ ಹೇಗೂ ಇಳಿಸಿ ಕೇಳುತ್ತಾರೆ ಅಂತ ಲೆಕ್ಕ ಹಾಕಿಯೇ ಅದನ್ನು ಒಂದಿಷ್ಟು ಏರಿಸಿರುತ್ತಾರೆ. ನೀವು ಕೇಳದೆ ಕೊಟ್ಟರೆ ಆ ಏರಿಸಿದ ಭಾಗವೂ ನಿಮ್ಮ ಸಂಬಳದಿಂದಲೇ ಹೋಗುತ್ತದೆ. ನಮ್ಮ ಗಂಜ್‌ನಲ್ಲಿ ತೊಗರಿ ಚೀಲ ಇಳಿಸಿದ ರೈತ ಕಾಳನ್ನು ಅಂಗೈಯಲ್ಲಿ ಹಿಡಿದು ತೋರಿಸಿ ದರ ಕೇಳುತ್ತಾನೆ. ಕೊಳ್ಳುವವನು ಅದೇ ಕಾಳನ್ನು ತಿಕ್ಕಿ ನೋಡಿ ದರ ಹೇಳುತ್ತಾನೆ. ಇಬ್ಬರಿಗೂ ಅದರಲ್ಲಿ ನಾಚಿಕೆ ಇಲ್ಲ. ನೀವು ಮಾಡಬೇಕಾದದ್ದೂ ಅದೇ. ಮಾಲು ನೋಡಿ ಮಾತಾಡಬೇಕು.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ವಿಮೆ ಕಂಪನಿಗಳಿಗೆ ವಾಹನ ಸರ್ವೇಯರ್ ಆಗಿ ಕೆಲಸ ಮಾಡಿದ್ದೇನೆ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಕಡೆ ಸಾವಿರಾರು ಗಾಡಿಗಳ ಬಾನೆಟ್ ಎತ್ತಿ ನೋಡಿದ್ದೇನೆ. ಮಾತಿನಲ್ಲಿ ಚುರುಕಾದವರು ಒಳ್ಳೆಯ ರೇಟಿಗೆ ತರುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಹಾಗಿಲ್ಲ. ಲೆಕ್ಕ ಬರೆದುಕೊಂಡು ಹೋದವರು ತರುತ್ತಾರೆ. ಆ ಲೆಕ್ಕ ಬರೀ ಕಾರಿನ ರೇಟಿನದಲ್ಲ. ಆರ್‌ಸಿ ನಿಮ್ಮ ಹೆಸರಿಗೆ ಬಂದು, ಗಾಡಿ ನಿಶ್ಚಿಂತೆಯಿಂದ ಸೇಡಂ ರಸ್ತೆಯಲ್ಲಿ ಓಡುವವರೆಗೆ ನಿಮ್ಮ ಕೈಯಿಂದ ಹೋಗುವ ಒಟ್ಟು ರೊಕ್ಕದ್ದು. ಚೌಕಾಸಿ ಆ ಒಟ್ಟು ಅಂಕಿಯ ಮೇಲೆ ನಡೆಯಬೇಕು.

ನಿಮ್ಮ ಲೆಕ್ಕ ಹೀಗಿದೆ. ಕೈಯಲ್ಲಿ ಒಂದೂವರೆ, ಸಾಲ ಮೂರು. ಒಟ್ಟು 4.50 ಲಕ್ಷ. ಇದೆಲ್ಲವನ್ನೂ ಕಾರಿಗೇ ಕೊಟ್ಟರೆ ಮರುದಿನ ಆಯಿಲ್ ಬದಲಿಸಲೂ ಸಾಲ ಕೇಳಬೇಕಾಗುತ್ತದೆ. ಹಳೆ ಗಾಡಿ ಮನೆಗೆ ಬಂದ ಮೊದಲ ತಿಂಗಳಲ್ಲೇ ಸರ್ವಿಸ್, ಫಿಲ್ಟರ್, ವಿಮೆ ಅಂತ ಕೈ ಚಾಚುತ್ತದೆ. ಅದಕ್ಕೆ 20 ಸಾವಿರ ಪಕ್ಕಕ್ಕೆ ಇಡಿ. ಉಳಿದದ್ದು 4.30 ಲಕ್ಷ. ಟ್ರಾನ್ಸ್‌ಫರ್ ಸೇರಿ 4.30, ಅದರ ಮೇಲೆ ಒಂದು ಪೈಸೆಯೂ ಇಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಕುಳಿತಾಗ ಮನಸ್ಸು ಕರಗುತ್ತದೆ. ಚೀಟಿ ಕರಗುವುದಿಲ್ಲ.

ಈಗ 4.85 ಎಷ್ಟು ಸರಿ ಅಂತ ನೋಡೋಣ. ಆನ್‌ಲೈನಿನಲ್ಲಿ ಅದೇ ವರ್ಷದ, ಅದೇ ಮಾಡೆಲಿನ ಏಳೆಂಟು ಗಾಡಿಗಳ ರೇಟು ಬರೆದುಕೊಳ್ಳಿ. ಕಲಬುರಗಿ ಜೊತೆಗೆ ಬೀದರ್, ವಿಜಯಪುರ, ರಾಯಚೂರಿನವೂ ಇರಲಿ. ಅಲ್ಲಿ ಕಾಣುವುದೆಲ್ಲ ಕೇಳುವ ರೇಟು, ಕೊಟ್ಟ ರೇಟಲ್ಲ. ಇನ್ನೊಂದು ದಾರಿ ಇದಕ್ಕಿಂತ ಗಟ್ಟಿ. ನಿಮ್ಮ ಸಹೋದ್ಯೋಗಿಗಳಲ್ಲಿ ಯಾರ ಬಳಿಯಾದರೂ ಅಂಥದೇ ಕಾರು ಇದ್ದರೆ, ಹೊಸ ಕಾರಿನ ಶೋರೂಮಿನಲ್ಲಿ ಎಕ್ಸ್‌ಚೇಂಜಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಿಸಿ. ವ್ಯಾಪಾರಿಗಳು ಗಾಡಿ ಕೊಳ್ಳುವ ರೇಟು ಹೆಚ್ಚು ಕಡಿಮೆ ಅದೇ ಆಗಿರುತ್ತದೆ. ನೀವು ಕೊಡಬೇಕಾದದ್ದು ಅದಕ್ಕಿಂತ ಸ್ವಲ್ಪ ಮೇಲೆ. ಅವರಿಗೂ ಬಾಡಿಗೆ, ಹುಡುಗರ ಸಂಬಳ, ಪಾಲಿಶ್ ಖರ್ಚು ಇದೆ. ಲಾಭ ಬೇಡ ಅನ್ನಲಾಗದು.

ಹೊಸ ಕಾರಿನ ರೇಟನ್ನೂ ತಿಳಿದುಕೊಂಡು ಹೋಗಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ, ಸೆಸ್ ಸೇರಿ 29%ರಷ್ಟು ಇದ್ದದ್ದು 18%ಕ್ಕೆ ಇಳಿದಿದೆ. 1200 ಸಿಸಿ ಒಳಗಿನ, ನಾಲ್ಕು ಮೀಟರ್ ಮೀರದ ಪೆಟ್ರೋಲ್ ಕಾರುಗಳಿಗೆ ಇದು ಅನ್ವಯ. ಸ್ವಿಫ್ಟ್ ಅದರಲ್ಲೇ ಬರುತ್ತದೆ. ಹೊಸದು ಅಗ್ಗವಾದರೆ ಹಳೆಯದೂ ಇಳಿಯಬೇಕು, ಅಲ್ವಾ? ಆದರೆ ಹಲವು ಕಡೆ ಹಳೆ ಗಾಡಿಯ ರೇಟನ್ನು ಅದಕ್ಕೂ ಹಿಂದಿನ ಹೊಸ ಕಾರಿನ ಬೆಲೆಗೆ ಹೋಲಿಸಿಯೇ ಹೇಳುತ್ತಾರೆ. "ಹೊಸಾದು ಈಗ ಎಷ್ಟಕ್ಕ ಬರ್ತದ, ಅದರ ಲೆಕ್ಕದಾಗ ಹೇಳ್ರಿ" ಅಂತ ನೀವೇ ಕೇಳಿ.

ವಿಮೆ ಪಾಲಿಸಿ ತೆಗೆಸಿ, ಅದರಲ್ಲಿ ಐಡಿವಿ, ಅಂದರೆ ವಿಮೆಗಾಗಿ ಗಾಡಿಗೆ ಕಟ್ಟಿದ ಬೆಲೆ, ಎಷ್ಟಿದೆ ನೋಡಿ. ಐದು ವರ್ಷ ದಾಟಿದ ಗಾಡಿಗೆ ಅದು ಕಂಪನಿ ಮತ್ತು ಮಾಲೀಕರು ಒಪ್ಪಿಕೊಂಡ ಬೆಲೆ. ಮಾರುಕಟ್ಟೆ ದರಕ್ಕೆ ಪೂರ್ತಿ ಹೊಂದುವುದಿಲ್ಲ. ಆದರೂ ಹಿಂದಿನ ಮಾಲೀಕರೇ ಗಾಡಿಗೆ 3.60 ಬೆಲೆ ಕಟ್ಟಿ ಸಹಿ ಹಾಕಿದ್ದರೆ, 4.85 ಯಾಕೆ ಅನ್ನುವ ಪ್ರಶ್ನೆಗೆ ಜಾಗ ಸಿಗುತ್ತದೆ.

ಇನ್ನು ಗಾಡಿ ನೋಡುವುದು. ಇಲ್ಲೇ ನಿಮ್ಮ ಅರ್ಧ ಚೌಕಾಸಿ ನಡೆಯುವುದು. ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ. ನೀವು ಬರುವ ಮೊದಲು ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲಿ ಹೇಳಿರಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಮೊದಲೇ ಓಡಿಸಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಅದು ಆಯಿಲ್ ತಿನ್ನುತ್ತಿದೆ. ಆ ಗಾಡಿಗೆ ರೇಟೇ ಕೇಳಬೇಡಿ, ಎದ್ದು ಬನ್ನಿ.

ಎಲ್ಲ ಗಾಜುಗಳ ಮೂಲೆಯಲ್ಲಿ ಕಂಪನಿಯ ಗುರುತು ಇರುತ್ತದೆ. ಒಂದು ಮಾತ್ರ ಬೇರೆ ಇದ್ದರೆ ಆ ಬದಿ ಏಟು ಬಿದ್ದಿರಬಹುದು. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ಒಳಗಿನ ವೆಲ್ಡಿಂಗ್ ಚುಕ್ಕೆಗಳನ್ನು ನೋಡಿ. ಕಂಪನಿಯದಾದರೆ ಸಾಲಾಗಿ, ಒಂದೇ ಅಳತೆಯಲ್ಲಿ ಇರುತ್ತವೆ. ಬಾನೆಟ್ ಬೋಲ್ಟಿನ ಪೇಂಟ್ ಕಿತ್ತಿದ್ದರೆ ಅದನ್ನು ಯಾವಾಗಲೋ ಬಿಚ್ಚಿದ್ದಾರೆ. ಸಣ್ಣಪುಟ್ಟ ಟಚಿಂಗ್ ಎಲ್ಲ ಗಾಡಿಗೂ ಇರುತ್ತದೆ, ಅದಕ್ಕೆ ಹೆದರಬೇಡಿ. ಹೆದರಬೇಕಾದದ್ದು ಪಿಲ್ಲರ್ (ಚಾವಣಿ ಹೊತ್ತ ಕಂಬ) ಮತ್ತು ಚಾಸಿಗೆ (ಗಾಡಿಯ ಅಡಿಗಟ್ಟು) ಬಿದ್ದ ಏಟಿಗೆ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 1518 ಅಂತ ಇದ್ದರೆ 2018ರ 15ನೇ ವಾರದಲ್ಲಿ ಮಾಡಿದ್ದು. ಗಾಡಿಯ ಜೊತೆ ಬಂದ ಟೈರೇ ಇನ್ನೂ ಇದ್ದರೆ, ಹಲ್ಲು ಚೆನ್ನಾಗಿ ಕಂಡರೂ ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿರುತ್ತದೆ. ನಾಲ್ಕೂ ಬದಲಿಸಬೇಕು. ಇನ್ನೊಂದು ಕಡೆ, 62 ಸಾವಿರ ಕಿಲೋಮೀಟರ್ ಅನ್ನುವ ಗಾಡಿಯ ಸ್ಟೀರಿಂಗ್ ಹೊಳಪು ಹೊಡೆಯುತ್ತಿದ್ದರೆ, ಕ್ಲಚ್ ಪೆಡಲಿನ ರಬ್ಬರ್ ಸವೆದಿದ್ದರೆ ಮೀಟರ್ ನಂಬಬೇಡಿ. ಕಂಪನಿ ಸರ್ವಿಸ್ ಸೆಂಟರಿನ ಹಿಸ್ಟರಿ ಕೇಳಿ. ಪ್ರತಿ ಸರ್ವಿಸಿನಲ್ಲೂ ಕಿಲೋಮೀಟರ್ ಬರೆದಿರುತ್ತಾರೆ.

ನಮ್ಮ ಭಾಗದ್ದೇ ಎರಡು ಮಾತು. ಮಳಖೇಡ, ಸೇಡಂ, ವಾಡಿ ಕಡೆ ಓಡಿದ ಗಾಡಿಗೆ ಸಿಮೆಂಟ್ ಧೂಳು ಜಾಸ್ತಿ. ಏರ್ ಫಿಲ್ಟರ್ ತೆಗೆಸಿ ನೋಡಿ, ಎಸಿ ಬ್ಲೋವರ್ ಪೂರ್ತಿ ಹಾಕಿ ವಾಸನೆ ನೋಡಿ. ಎರಡನೆಯದು ನೆರೆ. 2020ರ ಅಕ್ಟೋಬರಿನಲ್ಲಿ ಭೀಮಾ ತೀರದ ಊರುಗಳಲ್ಲೂ ನೀರು ನುಗ್ಗಿತ್ತು, ಹೈದರಾಬಾದಿನಲ್ಲೂ ಬಡಾವಣೆಗಳು ಮುಳುಗಿದ್ದವು. ನೀರು ಕುಡಿದ ಗಾಡಿ ಪಾಲಿಶ್ ಆಗಿ ಯಾವ ಊರಿಗಾದರೂ ಬರಬಹುದು. ಮುಂದಿನ ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಗೆ ತುಕ್ಕು ಇದೆಯಾ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ತುದಿಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಅದರ ಗುಂಡಿಯಲ್ಲಿ ಬೆರಳಾಡಿಸಿ.

ಟ್ರಯಲ್ ಓಡಿಸಲು ಅವರು ರಿಂಗ್ ರೋಡಿನಲ್ಲೇ ಒಂದು ಸುತ್ತು ಹಾಕಿಸುತ್ತಾರೆ. ನೀವು ಸೇಡಂ ರಸ್ತೆಗೆ ಹತ್ತು ಕಿಲೋಮೀಟರ್ ಹೋಗೋಣ ಅನ್ನಿ. ನಿಮ್ಮ ಅವ್ವ ವಾರಕ್ಕೆ ಎರಡು ಸಲ ಕೂರುವ ರಸ್ತೆ ಅದೇ ತಾನೆ. ರೋಡ್ ಹಂಪನ್ನು ಒಂದು ಚಕ್ರ ಮೊದಲು ಹತ್ತುವಂತೆ ಓರೆಯಾಗಿ ದಾಟಿಸಿ. ಟಕ್ ಟಕ್ ಸದ್ದು ಬಂದರೆ ಸಸ್ಪೆನ್ಷನ್ ಕೆಲಸ ಇದೆ. ಜೊತೆಗೆ ನಿಮ್ಮ ನಂಬಿಕೆಯ ಒಬ್ಬ ಮೇಸ್ತ್ರಿಯನ್ನು ಕರೆದೊಯ್ಯಿರಿ. ಐನೂರೋ ಸಾವಿರವೋ ಕೊಟ್ಟರೂ ಅದು ವ್ಯರ್ಥವಲ್ಲ. ಶೋರೂಮಿನವರೇ ಕರೆಸಿದ ಮೇಸ್ತ್ರಿ ಬೇಡ. ಮೇಸ್ತ್ರಿ ಹೇಳಿದ ಪ್ರತಿ ಕೆಲಸದ ಎದುರು ಒಂದು ಅಂಕಿ ಬರೆಸಿಕೊಳ್ಳಿ. ಟೈರ್‌ಗೆ ಇಷ್ಟು, ಬ್ಯಾಟರಿಗೆ ಇಷ್ಟು, ಸಸ್ಪೆನ್ಷನ್‌ಗೆ ಇಷ್ಟು. "ಗಾಡಿ ಅಷ್ಟೇನೂ ಚೆನ್ನಾಗಿಲ್ಲ" ಅಂದರೆ ಯಾರೂ ರೇಟ್ ಇಳಿಸುವುದಿಲ್ಲ. "ಟೈರಿಗೆ 16 ಸಾವಿರ, ಸಸ್ಪೆನ್ಷನ್‌ಗೆ 7 ಸಾವಿರ, ಬ್ಯಾಟರಿಗೆ 4 ಸಾವಿರ, ಒಟ್ಟು 27 ಸಾವಿರ" ಅಂದರೆ ಅವರೂ ಅದೇ ಲೆಕ್ಕಕ್ಕೆ ಬರಬೇಕಾಗುತ್ತದೆ.

ಈಗ ಮೇಜಿನ ಮುಂದೆ ಕುಳಿತಿದ್ದೀರಿ ಅಂದುಕೊಳ್ಳಿ. ಚಹಾ ಬರುತ್ತದೆ. ಕುಡಿಯಿರಿ, ಚಹಾದಿಂದ ಋಣ ಹುಟ್ಟುವುದಿಲ್ಲ. ಅವರು ನಿಮ್ಮನ್ನು ಬಿಟ್ಟು ತಮ್ಮನ ಕಡೆ ತಿರುಗಿ ಮಾತಾಡುತ್ತಾರೆ. ಹೆಣ್ಣುಮಕ್ಕಳು ಗಾಡಿ ಕೊಳ್ಳಲು ಹೋದಾಗ ಇದನ್ನು ನಾನು ಪ್ರತಿ ಸಲ ನೋಡಿದ್ದೇನೆ, ಪ್ರತಿ ಸಲ ಬೇಸರ ಆಗಿದೆ. ಮನೆಯಲ್ಲೇ ನಿಶ್ಚಯ ಮಾಡಿಕೊಳ್ಳಿ: ಅಂಕಿ ಹೇಳುವವರು ನೀವೊಬ್ಬರೇ. ತಮ್ಮ ಗಾಡಿ ಓಡಿಸಿ ನೋಡಲಿ, ಮೇಜಿನ ಮುಂದೆ ಸುಮ್ನೆ ಇರಲಿ. "ಅಕ್ಕಾ, ಮಸ್ತ್ ಅದ ಗಾಡಿ" ಅಂತ ಅವನ ಬಾಯಿಂದ ಬಂದರೆ ಆ ಒಂದು ಮಾತಿಗೇ ಹತ್ತು ಸಾವಿರ ಹೋಯಿತು. ಅವ್ವನ ಡಯಾಲಿಸಿಸ್ ವಿಷಯವೂ ಅಲ್ಲಿ ಬೇಡ. ಕನಿಕರದಿಂದ ರೇಟ್ ಇಳಿಸುತ್ತಾರೆ ಅಂತ ಅನಿಸಬಹುದು. ಆದರೆ ಈ ವಾರವೇ ಗಾಡಿ ಬೇಕೇ ಬೇಕು ಅಂತ ಗೊತ್ತಾದ ಗಿರಾಕಿಗೆ ರೇಟ್ ಇಳಿಸುವ ಅವಸರ ಯಾರಿಗೂ ಇರುವುದಿಲ್ಲ.

ತಮ್ಮ ಹೇಳಿದ ಅರ್ಧ ರೇಟು ಕೇಳಬೇಡಿ. 2.40 ಅಂದರೆ ಈಕೆಗೆ ಮಾರುಕಟ್ಟೆ ಗೊತ್ತಿಲ್ಲ ಅಂತ ತಿಳಿದು ಅವರು ನಿಮ್ಮ ಮುಂದಿನ ಮಾತನ್ನೂ ಕೇಳುವುದಿಲ್ಲ. ಮೊದಲು ಅವರಿಂದಲೇ ಇನ್ನೊಮ್ಮೆ ಹೇಳಿಸಿ: "ಟ್ರಾನ್ಸ್‌ಫರ್ ಎಲ್ಲಾ ಸೇರಿ, ಕೊನೀ ಮಾತು ಎಷ್ಟು?" 4.75 ಅನ್ನಬಹುದು. ಆಗ ಮೇಸ್ತ್ರಿ ಬರೆದ ಚೀಟಿ ಮೇಜಿನ ಮೇಲಿಡಿ. ಒಂದೊಂದನ್ನೇ ಓದಿ. ಎರಡನೇ ಓನರ್, ನೀವು ಮೂರನೆಯವರು, ಮುಂದೆ ಮಾರುವಾಗ ನಿಮಗೂ ಕಡಿಮೆ ಬರುತ್ತದೆ ಅನ್ನಿ. ಆಮೇಲೆ ಹೇಳಿ: "ಎಲ್ಲಾ ಸೇರಿ 4.05 ಕೊಡ್ತೀನಿ." ಹೇಳಿ ಸುಮ್ಮನಾಗಿ. ಇದು ಬಹಳ ಕಷ್ಟದ ಕೆಲಸ. ಆ ಮೌನದಲ್ಲಿ ನಮಗೇ ಮುಜುಗರ ಆಗಿ, ಅವರು ಬಾಯಿ ತೆರೆಯುವ ಮೊದಲೇ "ಹೋಗಲಿ, ಇನ್ನು ಹತ್ತು ಹಾಕ್ತೀನಿ" ಅಂದುಬಿಡುತ್ತೇವೆ. ಹಾಗೆ ಮಾಡಬೇಡಿ. ತರಗತಿಯಲ್ಲಿ ಪ್ರಶ್ನೆ ಕೇಳಿ ಮಕ್ಕಳ ಉತ್ತರಕ್ಕೆ ಕಾಯುತ್ತೀರಲ್ಲ, ಹಾಗೇ ಕಾಯಿರಿ.

ಅವರು ಇಳಿದರೆ ನೀವು ಏರಿ. ಅವರು ಇಳಿಯದೆ ನೀವು ಏರಬೇಡಿ. ಏರುವ ಮೆಟ್ಟಿಲು ಸಣ್ಣದಾಗುತ್ತಾ ಹೋಗಲಿ. 4.05 ಆದ ಮೇಲೆ 4.17. ಆಮೇಲೆ 4.24. ಆಮೇಲೆ 4.28. ಹನ್ನೆರಡು, ಏಳು, ನಾಲ್ಕು ಸಾವಿರ. ಇನ್ನು ಇವರ ಹತ್ತಿರ ಇಲ್ಲ ಅಂತ ನೀವು ಹೇಳದೆಯೇ ಅವರಿಗೆ ತಿಳಿಯುತ್ತದೆ. ಪ್ರತಿ ಸಲ 20 ಸಾವಿರ ಏರಿಸಿದರೆ ಇನ್ನೂ ಎಳೆಯಬಹುದು ಅಂತ ತಿಳಿಯುತ್ತದೆ.

"ಬೆಳಿಗ್ಗಿ ಸೊಲ್ಲಾಪುರದವ್ರು ನೋಡಿ ಹೋಗ್ಯಾರ್ರಿ, ಸಂಜಿಗಿ ರೊಕ್ಕ ತರ್ತಾರ" ಅನ್ನುವ ಮಾತು ಬಂದೇ ಬರುತ್ತದೆ. ನಿಜವೂ ಇರಬಹುದು. "ಅವರಿಗೆ ಕೊಡೋದಾದ್ರ ಕೊಡ್ರಿ, ಇಲ್ಲಾಂದ್ರ ನನಗ ಫೋನ್ ಮಾಡ್ರಿ" ಅಂತ ಹೇಳಿ ನಂಬರ್ ಕೊಟ್ಟು ಎದ್ದು ಬನ್ನಿ. ಸಿಟ್ಟಿಲ್ಲದೆ, ನಗುನಗುತ್ತಾ ಬನ್ನಿ. 4.30ಕ್ಕೆ ಬರದಿದ್ದರೆ ಆ ಗಾಡಿ ನಿಮ್ಮದಲ್ಲ. ತಿಂಗಳ ಕೊನೆಯಲ್ಲಿ ಫೋನ್ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಮ್ಮಲ್ಲಿ ಆಷಾಢದಲ್ಲಿ ಗಾಡಿ ಕೊಳ್ಳುವವರು ಕಡಿಮೆ, ಆಗ ಅಂಗಡಿ ಖಾಲಿ. ತೊಗರಿ ರಾಶಿ ಮುಗಿದು ಕೈಗೆ ರೊಕ್ಕ ಬರುವ ಹೊತ್ತಿನಲ್ಲಿ, ದಸರಾ, ಯುಗಾದಿ ಮುಂದೆ ರೇಟ್ ಬಿಗಿ. ಮುಹೂರ್ತ ನೋಡುವುದಾದರೆ ಡೆಲಿವರಿಗೆ ನೋಡಿ, ರೇಟ್ ಮಾತಾಡಲು ಬೇಡ.

ಇನ್ನೊಂದು ಮೋಸ ಹೋಗುವ ಜಾಗ ಜಿಎಸ್‌ಟಿ. "ಹಳೆ ಗಾಡಿಗೂ ಈಗ 18% ಬಂದಿದೆ, ಅದನ್ನು ಸೇರಿಸಬೇಕು" ಅಂತ ಹೇಳುವವರಿದ್ದಾರೆ. 2025ರ ಜನವರಿಯಿಂದ 18% ಇರುವುದು ನಿಜ. ಆದರೆ ಅದು ವ್ಯಾಪಾರಿಯ ಲಾಭದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. 4 ಲಕ್ಷಕ್ಕೆ ಕೊಂಡು 4.50ಕ್ಕೆ ಮಾರಿದರೆ 50 ಸಾವಿರದ ಮೇಲೆ 18%, ಅಂದರೆ 9 ಸಾವಿರ. ಪೂರ್ತಿ 4.50ರ ಮೇಲೆ ಹಾಕಿದರೆ 81 ಸಾವಿರ ಆಗುತ್ತದೆ. ನಿಮಗೆ ಹೇಳಿದ ರೇಟಿನಲ್ಲೇ ಅದು ಅಡಗಿರಬೇಕು, ಮೇಲೆ ಸೇರಿಸುವ ಮಾತೇ ಇಲ್ಲ.

ಸಾಲದ ವಿಷಯದಲ್ಲಿ ನಿಮ್ಮನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ, ರೇಟ್ ಮುಗಿಯುವವರೆಗೆ ಇಎಂಐ ಮಾತು ತೆಗೆಯಬೇಡಿ. "ತಿಂಗಳಿಗೆ ಬರೀ 7 ಸಾವಿರ" ಅಂದ ಕೂಡಲೇ ಕಾರಿನ ರೇಟ್ ಮರೆತು ಹೋಗುತ್ತದೆ. 3 ಲಕ್ಷವನ್ನು 14% ಬಡ್ಡಿಯಲ್ಲಿ 5 ವರ್ಷಕ್ಕೆ ತೆಗೆದರೆ ಕಂತು ಸುಮಾರು 6,980. ಒಟ್ಟು ಬಡ್ಡಿ ಸುಮಾರು 1.19 ಲಕ್ಷ. ಅದನ್ನೇ 3 ವರ್ಷಕ್ಕೆ ತೆಗೆದರೆ ಕಂತು 10,250ರ ಆಸುಪಾಸು, ಬಡ್ಡಿ ಸುಮಾರು 69 ಸಾವಿರ. ಐವತ್ತು ಸಾವಿರದ ವ್ಯತ್ಯಾಸ! ಮೇಜಿನ ಮುಂದೆ ಎರಡು ತಾಸು ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಇಲ್ಲಿ ಹೋಗಬಹುದು. "ಫ್ಲಾಟ್ 8%" ಅಂದರೂ ಎಚ್ಚರ. ತೀರಿಸಿದ ಅಸಲಿನ ಮೇಲೂ ಬಡ್ಡಿ ಎಣಿಸುತ್ತಾರೆ. 5 ವರ್ಷಕ್ಕೆ 1.20 ಲಕ್ಷ ಬಡ್ಡಿ, ಕಂತು 7 ಸಾವಿರ. ಮೇಲಿನ 14%ಕ್ಕೂ ಇದಕ್ಕೂ ಏನೂ ಫರಕಿಲ್ಲ. ನಿಮಗೆ ಸರ್ಕಾರಿ ಸಂಬಳ ಇದೆ. ಸಂಬಳ ಬರುವ ಬ್ಯಾಂಕಿನಲ್ಲೇ ಮೊದಲು ಕೇಳಿ, ಮಂಜೂರಾತಿ ಕೈಯಲ್ಲಿಟ್ಟುಕೊಂಡು ಶೋರೂಮಿಗೆ ಹೋಗಿ. ಎಲ್ಲೇ ತೆಗೆದರೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರಿನಿಂದ ಅದನ್ನು ಕೊಡಲೇಬೇಕು. ಎಲ್ಲ ಶುಲ್ಕ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರುತ್ತದೆ.

ಹೈದರಾಬಾದ್ ಪಾಸಿಂಗ್ ಗಾಡಿ 75 ಸಾವಿರ ಅಗ್ಗ ಅಂತ ಕಾಣುತ್ತದೆ. ಬೀದರಿನವರಂತೂ ಇಂಥ ಗಾಡಿಗಳನ್ನು ದಿನಾ ನೋಡುತ್ತಾರೆ. ಆದರೆ ನೀವು ಅದನ್ನು ಇಲ್ಲೇ ಇಟ್ಟುಕೊಂಡು ಓಡಿಸುವವರು. ಬೇರೆ ರಾಜ್ಯದ ಗಾಡಿ 12 ತಿಂಗಳು ದಾಟಿ ಇಲ್ಲಿದ್ದರೆ ಇಲ್ಲಿನ ನಂಬರ್ ಮಾಡಿಸಬೇಕು, ಇದು ಮೋಟಾರು ವಾಹನ ಕಾಯ್ದೆಯ ಮಾತು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಇಲ್ಲಿ ಹೊಸ ಕಾರಿಗೆ 5ರಿಂದ 10 ಲಕ್ಷದವರೆಗೆ 14%, ಅದರ ಮೇಲೆ ಸೆಸ್. 6 ಲಕ್ಷದ ಗಾಡಿಗೆ ಹೊಸದಿದ್ದಾಗ 84 ಸಾವಿರ ಆಗುತ್ತಿತ್ತು. ಹಳೆಯದಾದಷ್ಟೂ ಕಡಿಮೆ ಆಗುತ್ತದೆ ನಿಜ, ಆದರೂ ಹತ್ತಾರು ಸಾವಿರ ಬೀಳುತ್ತದೆ. ಓಡಾಟ, ಏಜೆಂಟ್ ಖರ್ಚು ಬೇರೆ. ಬಾಕಿ ಇರುವ ಹೈದರಾಬಾದ್ ಚಲನ್‌ಗಳೂ ಬೆನ್ನಿಗೆ ಬರಬಹುದು. ನಾನೇ ಒಮ್ಮೆ ಹೈದರಾಬಾದ್ ಗಾಡಿ ತಂದಿದ್ದೆ. "ಎನ್‌ಒಸಿ ಎಂಟು ದಿನದಲ್ಲಿ" ಅಂದಿದ್ದ ವ್ಯಾಪಾರಿ ಎಂಟು ತಿಂಗಳು ಓಡಾಡಿಸಿದ. ಕೊನೆಗೆ ಲೆಕ್ಕ ಹಾಕಿದರೆ ಇಲ್ಲಿನ ಗಾಡಿಗಿಂತ 12 ಸಾವಿರ ಜಾಸ್ತಿಯೇ ಆಗಿತ್ತು. ಶಾಲೆ, ಆಸ್ಪತ್ರೆ ನಡುವೆ ನಿಮಗೆ ಆ ಓಡಾಟ ಬೇಡ. ಕೆಎ 32 ಗಾಡಿಯನ್ನೇ ನೋಡಿ.

ರೇಟ್ ಕುದುರಿದ ಮೇಲೆ ಬಯಾನಾ (ಮುಂಗಡ) ಕೇಳುತ್ತಾರೆ. ಐದು ಸಾವಿರಕ್ಕಿಂತ ಹೆಚ್ಚು ಬೇಡ. ರಸೀದಿಯಲ್ಲಿ ಗಾಡಿ ನಂಬರ್, ಒಟ್ಟು ರೇಟು, ಅದರಲ್ಲಿ ಟ್ರಾನ್ಸ್‌ಫರ್ ಸೇರಿದೆ ಅನ್ನುವುದು, ಸಾಲ ಮಂಜೂರಾಗದಿದ್ದರೆ ಅಥವಾ ಕಾಗದ ಸರಿಯಿಲ್ಲದಿದ್ದರೆ ಬಯಾನಾ ವಾಪಸ್ ಅನ್ನುವುದು ಬರೆಸಿ. ಹೊಸ ಟೈರ್ ಹಾಕಿಸಿ ಕೊಡುತ್ತೇವೆ ಅಂದಿದ್ದರೆ ಅದನ್ನೂ ಬರೆಸಿ. ಬಾಯಿಮಾತಿನ ಟೈರ್ ಡೆಲಿವರಿ ದಿನ ಕಾಣುವುದಿಲ್ಲ.

ಕಾಗದದಲ್ಲಿ ಮುಖ್ಯವಾದದ್ದು ಇಷ್ಟು. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಗಾಡಿಯ ಮೇಲೆ ಹಳೆ ಸಾಲ ಇದೆಯಾ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಇಲ್ಲದೆ ಮುಂದೆ ಹೋಗಬೇಡಿ. ಮಾಲೀಕತ್ವ ಬದಲಿಗೆ ಫಾರಂ 29 ಮತ್ತು 30. ಹಳೆ ಗಾಡಿ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕೃತ ಪ್ರಮಾಣಪತ್ರ ಪಡೆದಿರಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಆ ಪ್ರಮಾಣಪತ್ರ ತೋರಿಸಿ ಅಂತ ಕೇಳಲು ಹಿಂಜರಿಯಬೇಡಿ. ಹಿಂದಿನ ಮಾಲೀಕರ ಜೊತೆ ಒಮ್ಮೆ ಫೋನಿನಲ್ಲಿ ಮಾತಾಡಿಸಿ ಅನ್ನಿ. ಅರ್ಜಿ ಹಾಕುವಾಗ ಅವರ ಮೊಬೈಲಿಗೆ ಒಟಿಪಿ ಹೋಗುತ್ತದೆ, ಅವರು ಸಿಗದಿದ್ದರೆ ನಿಮ್ಮ ಆರ್‌ಸಿ ಅಲ್ಲೇ ನಿಲ್ಲುತ್ತದೆ. 2018ರ ಗಾಡಿ ಆದ್ದರಿಂದ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಆಗಿದೆಯಾ ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. "50% ನೋ ಕ್ಲೇಮ್ ಬೋನಸ್ ಇದೆ" ಅನ್ನುವ ಮಾತಿಗೆ ರೊಕ್ಕ ಕೊಡಬೇಡಿ. ಕ್ಲೇಮ್ ಮಾಡದ್ದಕ್ಕೆ ವಿಮೆ ಕಂತಿನಲ್ಲಿ ಸಿಗುವ ಆ ರಿಯಾಯಿತಿ ಹಳೆ ಮಾಲೀಕರದು, ಗಾಡಿಯ ಜೊತೆ ನಿಮಗೆ ಬರುವುದಿಲ್ಲ. ಹಣ ಬ್ಯಾಂಕ್ ಮೂಲಕವೇ ಕೊಡಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಅವರು ಪಡೆಯುವಂತೆಯೇ ಇಲ್ಲ. ಕೊನೆಯ ಹತ್ತು ಹದಿನೈದು ಸಾವಿರವನ್ನು ಆರ್‌ಸಿ ಕೈಗೆ ಬಂದ ದಿನ ಕೊಡುತ್ತೇನೆ ಅಂತ ರೇಟ್ ಮಾತಾಡುವಾಗಲೇ ಹೇಳಿ. ಒಪ್ಪದವರೂ ಇದ್ದಾರೆ, ಆದರೆ ಕೇಳಿ ನೋಡಿ.

ನೀವು ಕೇಳದ ಒಂದು ವಿಷಯ ಉಳಿಯಿತು. ಸ್ವಿಫ್ಟ್‌ನ ಸೀಟು ತಗ್ಗು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬಂದವರಿಗೆ ಅಷ್ಟು ಬಗ್ಗಿ ಕೂರುವುದು, ಸೇಡಂ ತಲುಪಿ ಮತ್ತೆ ಏಳುವುದು ಕಷ್ಟ ಆಗಬಹುದು. ಬಯಾನಾ ಕೊಡುವ ಮೊದಲೇ, ನಿಮ್ಮ ಪರಿಚಯದವರ ಸ್ವಿಫ್ಟ್‌ನಲ್ಲಿ ಅವ್ವನನ್ನು ಒಮ್ಮೆ ಕೂರಿಸಿ, ಇಳಿಸಿ ನೋಡಿ. ಒಂದು ವ್ಯಾಗನ್‌ಆರ್‌ನಲ್ಲೂ ಕೂರಿಸಿ. ಅದರ ಸೀಟು ಎತ್ತರ, ಬಾಗಿಲೂ ಎತ್ತರ. ಅವ್ವ ಯಾವುದರಿಂದ ಮಂಡಿ ಹಿಡಿಯದೆ ಇಳಿಯುತ್ತಾರೋ ಅದನ್ನೇ ಹುಡುಕಿ. ಮೇಲೆ ಬರೆದ ಲೆಕ್ಕ ಅದಕ್ಕೂ ಹಾಗೆಯೇ ಹೊಂದುತ್ತದೆ.